ವೆಂಟಿಲೇಟರ್ ಮನೆಗೆ ಬರುವ ಮೊದಲು ಮನೆಯವರಿಗೆ ಕೈ ಅಭ್ಯಾಸವಾಗಲಿ

ಮಾನ್ಯ ಸಂಪಾದಕರೇ,

ಸ್ನಾಯು ಕ್ಷಯದ ಕಾಯಿಲೆಯವರನ್ನು, ಬೆನ್ನುಹುರಿಗೆ ಏಟಾದವರನ್ನು ವೆಂಟಿಲೇಟರ್ ಸಮೇತ ಮನೆಗೆ ಕಳುಹಿಸುವುದು ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯೂ ಈಗ ಹೊಸತಲ್ಲ. ಐಸಿಯುವಿನಲ್ಲಿ ನರ್ಸ್‌ಗಳು ಮಾಡುತ್ತಿದ್ದ ಕೆಲಸವೆಲ್ಲ ಮರುದಿನದಿಂದ ಮನೆಯವರ ಪಾಲಿಗೆ ಬರುತ್ತದೆ. ಡಿಸ್ಚಾರ್ಜಿನ ಗಡಿಬಿಡಿಯಲ್ಲಿ ಒಮ್ಮೆ ತೋರಿಸಿಕೊಟ್ಟರೆ ಸಾಲದು. ಮನೆಯ ಇಬ್ಬರಾದರೂ ಒಂದು ಹಗಲು, ಒಂದು ರಾತ್ರಿ ನರ್ಸ್ ಎದುರಿಗೇ ಎಲ್ಲವನ್ನೂ ತಾವೇ ಮಾಡಿ ಕಲಿಯಬೇಕು.

ಅಲಾರ್ಮ್ ಕೂಗಿದಾಗ ಮೊದಲು ನೋಡಬೇಕಾದದ್ದು ರೋಗಿಯನ್ನು, ಯಂತ್ರವನ್ನಲ್ಲ. ತುಟಿ ನೀಲಿಯಾಗುತ್ತಿದ್ದರೆ, ಎದೆ ಏಳದಿದ್ದರೆ ಕೂಡಲೇ ಯಂತ್ರದ ಪೈಪು ಕಳಚಿ, ಕೈಯಿಂದ ಒತ್ತಿ ಉಸಿರು ಕೊಡುವ ಚೀಲವಾದ ಅಂಬು ಬ್ಯಾಗ್ ಜೋಡಿಸಿ ಒತ್ತಬೇಕು. ದೊಡ್ಡವರಿಗಾದರೆ ಐದಾರು ಸೆಕೆಂಡಿಗೊಮ್ಮೆ, ಎದೆ ಏಳುವಷ್ಟು ಮಾತ್ರ. ಬ್ಯಾಗ್ ಸಲೀಸಾಗಿ ಒತ್ತಿ ಎದೆಯೂ ಎದ್ದರೆ ತೊಂದರೆ ಯಂತ್ರದಲ್ಲೋ ಪೈಪಿನಲ್ಲೋ ಇದೆ. ಒತ್ತಲು ಬಿಗಿಯಾದರೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಹಾಕಿರುವ ಟ್ಯೂಬಿನಲ್ಲಿ ಕಫ ಕಟ್ಟಿರುವ ಸಂಭವ ಹೆಚ್ಚು: ಸಕ್ಷನ್ ಮಾಡಿ (ಯಂತ್ರದಿಂದ ಕಫ ಹೀರಿ ತೆಗೆಯಿರಿ), ಒಳಟ್ಯೂಬ್ ಇದ್ದರೆ ತೆಗೆದು ಬದಲಿಸಿ. ಅದಕ್ಕೂ ಬಗ್ಗದಿದ್ದರೆ ಇಡೀ ಟ್ಯೂಬನ್ನೇ ಬದಲಿಸಬೇಕಾದೀತು. ಹಾಗಾಗಿ ಅದೇ ಅಳತೆಯದ್ದೊಂದು, ಒಂದು ಅಳತೆ ಸಣ್ಣದೊಂದು ಟ್ಯೂಬು ಸದಾ ಹಾಸಿಗೆಯ ಬಳಿಯೇ ಇರಬೇಕು.

ಸಕ್ಷನ್ ಒತ್ತಡ 80ರಿಂದ 120 ಎಂಎಂ ಪಾದರಸ ಸಾಕು. ಕಫ ಹೀರುವ ತೆಳು ನಳಿಕೆ, ಅಂದರೆ ಕ್ಯಾಥೆಟರ್, ಒಳಗೆ ಹೋಗುವಾಗ ಎಳೆತ ಬೇಡ, ಹೊರಗೆ ಬರುವಾಗ ಮಾತ್ರ. ಒಂದು ಸಲಕ್ಕೆ 15 ಸೆಕೆಂಡ್ ಮೀರಬಾರದು, ಏಕೆಂದರೆ ಕಫದ ಜೊತೆ ಗಾಳಿಯೂ ಹೊರಗೆ ಬರುತ್ತದೆ. 8 ಎಂಎಂ ಟ್ಯೂಬಿಗೆ 12ನೇ ನಂಬರ್ ಕ್ಯಾಥೆಟರ್. ಅದಕ್ಕಿಂತ ದಪ್ಪದ್ದು ಉಸಿರಿನ ದಾರಿಯನ್ನೇ ಮುಚ್ಚುತ್ತದೆ.

ಉಸಿರಿನ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರು ಕುದಿಸಿದರೂ ಲವಣ ಹೋಗುವುದಿಲ್ಲ. ಪೈಪಿನಲ್ಲಿ ನಿಂತ ನೀರನ್ನು ರೋಗಿಯ ಕಡೆಗೆ ಬಾಗಿಸದೆ ಹೊರಗೆ ಚೆಲ್ಲಿ.

ನಮ್ಮ ಮಳೆಗಾಲ ಎಲ್ಲರಿಗೂ ಗೊತ್ತು. ತಂತಿಯ ಮೇಲೆ ಒಂದು ತೆಂಗಿನ ಮಡಲು ಬಿದ್ದರೆ ಕರೆಂಟು ಯಾವಾಗ ಬಂದೀತೋ ಹೇಳಲಾಗದು. ಯಂತ್ರದ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಆಸ್ಪತ್ರೆಯಲ್ಲಿರುವಾಗಲೇ ಪರೀಕ್ಷಿಸಿಕೊಳ್ಳಿ. ಬಿಸಿ ಹ್ಯುಮಿಡಿಫೈಯರ್ ಇನ್ವರ್ಟರನ್ನು ಬೇಗ ಬರಿದು ಮಾಡುತ್ತದೆ. ಕರೆಂಟು ಹೋದಾಗ ಅದನ್ನು ತೆಗೆದು ರೋಗಿಯ ಉಸಿರಿನ ತೇವ, ಬಿಸಿಯನ್ನೇ ಹಿಡಿದಿಟ್ಟು ಮರಳಿಸುವ ಎಚ್‌ಎಂಇ ಫಿಲ್ಟರ್ ಹಾಕಬಹುದು. ಎರಡನ್ನೂ ಒಟ್ಟಿಗೆ ಬಳಸಬಾರದು, ಫಿಲ್ಟರ್ ನೆನೆದು ಉಸಿರು ಕಟ್ಟುತ್ತದೆ. ವೆಂಟಿಲೇಟರಿಗೆ ಬ್ಯಾಟರಿ ಇದೆಯೆಂದು ನಂಬಿ ಸಕ್ಷನ್ ಯಂತ್ರವನ್ನು ಮರೆಯುವವರು ಅನೇಕರು. ಕಾಲಿನಿಂದ ತುಳಿಯುವ ಸಕ್ಷನ್ ಪಂಪ್ ಒಂದು ಮನೆಯಲ್ಲಿರಲೇಬೇಕು.

ಇಂಥ ಮನೆಗಳ ಪಟ್ಟಿ ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಸೆಕ್ಷನ್ ಕಚೇರಿಯಲ್ಲೂ ಮನೆಮನೆಗೆ ಬಂದು ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬಳಿಯೂ ಇರಲಿ. ಲೈನ್ ಕೆಲಸಕ್ಕೆ ವಿದ್ಯುತ್ ನಿಲ್ಲಿಸುವ ಮುನ್ನ ಒಂದು ಫೋನ್ ಬರಲಿ. ಆಸ್ಪತ್ರೆಗಳು ಕೊಡುವ ಸೂಚನಾಪತ್ರ ಗಡಿಭಾಗದವರಿಗೆ ಕನ್ನಡದಲ್ಲಿ ಸಿಗಲಿ. ಟ್ಯೂಬಿನ ಸುತ್ತಲಿನ ಗಾಳಿ ಬಲೂನನ್ನು (ಕಫ್) ಉಬ್ಬಿಸಿದ್ದರೆ ರೋಗಿಗೆ ಸ್ವರ ಹೊರಡುವುದಿಲ್ಲ. ಅವರು ಕಣ್ಣಿನಲ್ಲೇ ತೋರಿಸಲು ಕನ್ನಡ ಅಕ್ಷರಗಳ ಒಂದು ಹಲಗೆಯನ್ನೂ ಆ ಸೂಚನಾಪತ್ರದ ಜೊತೆಗೇ ಕೊಟ್ಟು ಕಳುಹಿಸಲಿ.

– ಮನೆ ಆರೈಕೆಯ ಕಾರ್ಯಕರ್ತರು, ಕುಂಬಳೆ