ಎಡೆಯ ಮುಂದೆ ಕೈಮುಗಿದದ್ದು

ಪ್ರೀತಿಯ ಮಗಳೇ,

ಅಜ್ಜನ ತಿಥಿಯ ದಿನ ಎಡೆಯ ಮುಂದೆ ನಿಂತ ನನ್ನನ್ನು ನೋಡಿ, "ದೇವರಿಲ್ಲ ಅನ್ನುವ ನೀವು ಕೈಮುಗಿದದ್ದು ಯಾರಿಗೆ ಅಪ್ಪ?" ಎಂದು ಕೇಳಿದ್ದೆ. ನೆಂಟರ ಊಟದ ಗಡಿಬಿಡಿಯಲ್ಲಿ ಅಂದು ನಕ್ಕು ಸುಮ್ಮನಾದೆ. ಇಂದು ಉತ್ತರಿಸಲು ಕುಳಿತರೆ, ತತ್ವಚಿಂತಕರಾಗಿದ್ದ ಇಬ್ಬರು ಜರ್ಮನ್ ಸ್ನೇಹಿತರ ನಡುವಿನ ಒಂದು ವಾದ ಮತ್ತೆ ಮತ್ತೆ ನೆನಪಾಗುತ್ತಿದೆ.

1937ರಲ್ಲಿ, ಹಿಟ್ಲರನ ಆಳ್ವಿಕೆಯಿಂದ ಪಾರಾಗಿ ನ್ಯೂಯಾರ್ಕಿನಲ್ಲಿದ್ದ ಮ್ಯಾಕ್ಸ್ ಹಾರ್ಕ್‌ಹೈಮರ್, ಪ್ಯಾರಿಸ್ಸಿನಲ್ಲಿದ್ದ ವಾಲ್ಟರ್ ಬೆಂಜಮಿನ್ನರಿಗೆ ಪತ್ರ ಬರೆದರು. ಕಳೆದ ಕಾಲದ ಅನ್ಯಾಯ ನಡೆದು ಮುಗಿದಿದೆ, ಕೊಲೆಯಾದವರು ಕೊಲೆಯಾಗಿಯೇ ಹೋದರು. ಅವರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲವೆನ್ನುವವನು ದೇವರ ಕೊನೆಯ ತೀರ್ಪಿನ ದಿನವನ್ನೂ ನಂಬಲೇಬೇಕಾಗುತ್ತದೆ ಎಂಬುದು ಅವರ ನಿಲುವು. ಇತಿಹಾಸವೆಂದರೆ ಬರೀ ವಿಜ್ಞಾನವಲ್ಲ, ಅದು ಸ್ಮರಣೆಯೂ ಹೌದು, ವಿಜ್ಞಾನವು ಮುಗಿಯಿತೆಂದು ಬರೆದಿಟ್ಟ ನೋವನ್ನು ಸ್ಮರಣೆ ಮುಗಿಯಗೊಡುವುದಿಲ್ಲ ಎಂದು ಬೆಂಜಮಿನ್ ತಮ್ಮ ಟಿಪ್ಪಣಿಗಳಲ್ಲಿ ಬರೆದುಕೊಂಡರು. ಮೂರು ವರ್ಷಗಳ ನಂತರ, ನಾಜಿಗಳಿಂದ ತಪ್ಪಿಸಿಕೊಂಡು ಓಡುತ್ತ, ಸ್ಪೇನಿನ ಗಡಿಯೂರಾದ ಪೋರ್ಟ್‌ಬೌನಲ್ಲಿ ಅವರೇ ಪ್ರಾಣ ಕಳೆದುಕೊಂಡರು.

ತರ್ಕದ ಮಟ್ಟಿಗೆ ನಾನು ಹಾರ್ಕ್‌ಹೈಮರರ ಕಡೆಯವನು. 'ನಾನು ಏನನ್ನು ಆಶಿಸಬಹುದು?' ಎಂಬ ಪ್ರಶ್ನೆಯನ್ನೂ ವಿವೇಕದ ಪ್ರಶ್ನೆಗಳ ಸಾಲಿಗೆ ಸೇರಿಸಿದ ಜರ್ಮನ್ ತತ್ವಜ್ಞಾನಿ ಕಾಂಟ್, ಒಳಿತಿಗೆ ತಕ್ಕ ಸುಖ ದೊರೆಯಬೇಕಾದರೆ ದೇವರಿದ್ದಾನೆಂದು ಇಟ್ಟುಕೊಳ್ಳಬೇಕಾಗುತ್ತದೆ ಎಂದರಲ್ಲ, ಆ ಹೆಜ್ಜೆ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಹಸಿವಾಯಿತೆಂದ ಮಾತ್ರಕ್ಕೆ ಮಡಕೆಯಲ್ಲಿ ಅನ್ನ ಇರಬೇಕೆಂದೇನೂ ಇಲ್ಲ.

ಹಾಗೆಂದು ಹಸಿವನ್ನು ಸುಳ್ಳೆನ್ನಲಾದೀತೇ? 2001ರ ಅಕ್ಟೋಬರಿನಲ್ಲಿ ಫ್ರಾಂಕ್‌ಫರ್ಟಿನಲ್ಲಿ ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಸ್ವೀಕರಿಸಿದ ತತ್ವಜ್ಞಾನಿ ಯೂರ್ಗನ್ ಹಾಬರ್ಮಾಸ್, ಧರ್ಮದ ರಾಗಕ್ಕೆ ತಮಗೆ ಕಿವಿಯಿಲ್ಲವೆಂದು ಹೇಳಿಕೊಂಡವರು, ಆ ಇಬ್ಬರು ಸ್ನೇಹಿತರ ಇದೇ ವಾದವನ್ನು ನೆನೆದರು. ಸತ್ತವರು ಮರಳಿ ಏಳುವರೆಂಬ ಭರವಸೆ ಕಳೆದುಹೋದ ಜಾಗದಲ್ಲಿ ಒಂದು ಶೂನ್ಯ ಉಳಿದಿದೆ. ಹಾರ್ಕ್‌ಹೈಮರರ ಸಂಶಯ ಸರಿಯಾದದ್ದೇ, ಆದರೆ ಬದಲಾಯಿಸಲಾಗದ್ದನ್ನು ಬದಲಾಯಿಸಬೇಕೆಂಬ ನಮ್ಮ ಅಸಹಾಯಕ ತುಡಿತವನ್ನು ಅದು ಅಲ್ಲಗಳೆಯುವುದಿಲ್ಲ ಎಂದರು. ಸ್ವತಃ ಹಾರ್ಕ್‌ಹೈಮರ್ ಕೂಡ 1970ರ ಸಂದರ್ಶನವೊಂದರಲ್ಲಿ, ಕೊಲೆಗಾರನೇ ಕೊನೆಗೂ ಗೆದ್ದವನಾಗದಿರಲಿ ಎಂಬ ಹಂಬಲದ ಬಗ್ಗೆ ಮಾತನಾಡಿದರು; ದೇವರಿದ್ದಾನೆಂದು ಮಾತ್ರ ಹೇಳಲಿಲ್ಲ.

ಅಜ್ಜ ಹದಿನೈದು ವರ್ಷ ಗೇಣಿಗೆ ಉತ್ತ ಗದ್ದೆ 1974ರ ಭೂಸುಧಾರಣೆ ಬರುವ ಮೊದಲೇ ಅವರ ಕೈಬಿಟ್ಟುಹೋಗಿತ್ತು. ಒಕ್ಕಲೆಬ್ಬಿಸಿದವರೂ ಈಗಿಲ್ಲ, ಅಜ್ಜನೂ ಇಲ್ಲ. ಯಾವ ಕೋರ್ಟಿನಲ್ಲೂ ಅದಕ್ಕಿನ್ನು ಜಾಗವಿಲ್ಲ. ಎಡೆಯ ಮುಂದೆ ನಿಂತಾಗ ಮನಸ್ಸಿಗೆ ಬಂದದ್ದು ಆ ಗದ್ದೆ. ಎದುರಿಗೆ ಯಾರೂ ಇರಲಿಲ್ಲವೆಂದೇ ಈಗಲೂ ನನ್ನ ಎಣಿಕೆ.

ಅವರ ಗೇಣಿ ಚೀಟಿ ಟ್ರಂಕಿನ ತಳದಲ್ಲಿದೆ. ಮುಂದಿನ ಸಲ ಬಂದಾಗ ತೆಗೆದು ತೋರಿಸುತ್ತೇನೆ.

ನಿನ್ನ
ಅಪ್ಪ