ಹಿಂದಕ್ಕೆ ಜಾರುವವನ ಆಟ: ಮಗಳಿಗೊಂದು ಪತ್ರ

ಪಿಂಪ್ರಿ, ಪುಣೆ

ಚಿ. ಮೇಘನಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನೀನು ಮುಂಬೈಯ ಹಾಸ್ಟೆಲಿಗೆ ಹೋಗುವಾಗ ಪ್ಲೇಸ್ಟೇಷನ್ನನ್ನು ಮನೆಯಲ್ಲಿಯೇ ಬಿಟ್ಟದ್ದು ನನ್ನ ನಿದ್ದೆಗೆ ಸಂಚಕಾರ ತಂದಿದೆ. ನಿನ್ನ ಎನ್‌ಎಚ್‌ಎಲ್ ಎಂಬ ಐಸ್ ಹಾಕಿ ವಿಡಿಯೋ ಆಟದಲ್ಲಿ ನಾನೂ ಒಬ್ಬ ಡಿಫೆನ್ಸ್‌ಮನ್ನನ್ನು, ಅಂದರೆ ರಕ್ಷಣೆಯ ಸಾಲಿನ ಆಟಗಾರನನ್ನು, ಕಟ್ಟಿದ್ದೇನೆ. ಗೆಳತಿಯ ಕೋಣೆಯಲ್ಲಿ ಆಡುವಾಗ ನಿನ್ನವನು ಸದಾ, ತಪ್ಪಾಟಕ್ಕೆ ಶಿಕ್ಷೆಯಾದವರು ಕೂರುವ ಪೆನಾಲ್ಟಿ ಬಾಕ್ಸಿನಲ್ಲಿಯೇ ಕುಳಿತಿರುತ್ತಾನೆಂದು ಫೋನಿನಲ್ಲಿ ಗೊಣಗಿದೆಯಲ್ಲ, ಅದಕ್ಕಾಗಿ ಈ ಪತ್ರ.

ತಪ್ಪು ಕಟ್ಟುವಾಗಲೇ ಆಗಿರಬೇಕು. 6 ಅಡಿ 9 ಅಂಗುಲದ ಐಸ್ ಹಾಕಿ ಡಿಫೆನ್ಸ್‌ಮನ್ ಜ್ಡೆನೊ ಚಾರಾನನ್ನು ಮನಸ್ಸಿನಲ್ಲಿಟ್ಟುಕೊಂಡು ನಾನೂ ಮೊದಲಿಗೆ ಒಬ್ಬ ದೈತ್ಯನನ್ನೇ ಮಾಡಿದ್ದೆ. ಅವನ ಸ್ಟಿಕ್ ದೂರ ಚಾಚುತ್ತಿತ್ತು, ಗುದ್ದಿಗೆ ಬಲವಿತ್ತು, ಆದರೆ ಅವನು ತಿರುಗುವಷ್ಟರಲ್ಲಿ ಎದುರಾಳಿ ಗೋಲಿನ ಮುಂದಿರುತ್ತಿದ್ದ. ಎರಡನೆಯವನನ್ನು 6 ಅಡಿ 1 ಅಂಗುಲಕ್ಕೆ ಇಳಿಸಿ, ಅಂಕಗಳನ್ನು ವೇಗ, ಚುರುಕುತನ, ಸ್ಟಿಕ್ ಚೆಕಿಂಗ್ (ಸ್ಟಿಕ್ಕಿನಿಂದಲೇ ಎದುರಾಳಿಯನ್ನು ತಡೆಯುವುದು) ಮತ್ತು ಪಾಸಿಂಗಿಗೆ ಹಂಚಿದೆ. ಸ್ಟಿಕ್ ಬೀಸಿ ಜೋರಾಗಿ ಹೊಡೆಯುವ ಸ್ಲ್ಯಾಪ್ ಶಾಟಿಗೆ ಏನೂ ಉಳಿಯಲಿಲ್ಲ. ಅದು ನಿನಗೆ ಸೇರುವುದಿಲ್ಲವೆಂದು ಗೊತ್ತು.

ನಿನ್ನ ಪೆನಾಲ್ಟಿಗಳಿಗೆ ಮುಖ್ಯ ಕಾರಣ ಸ್ಟಿಕ್ ಚಾಚಿ ತಿವಿಯುವ ಆರ್‌1 ಗುಂಡಿ ಎಂದು ನನ್ನ ಅನುಮಾನ. ಎದುರಾಳಿ ಹತ್ತಿರ ಬಂದೊಡನೆ ನೀನು ಅದನ್ನು ಪಟಪಟನೆ ಒತ್ತುತ್ತೀ. ಸ್ಟಿಕ್ ಪಕ್‌ಗೆ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಗೆ) ತಗಲುವ ಮೊದಲು ಕಾಲಿಗೆ ತಗಲಿದರೆ ಅದು ಟ್ರಿಪ್ಪಿಂಗ್, ಎರಡು ನಿಮಿಷ ಹೊರಗೆ. ಎಲ್‌2 ಗುಂಡಿ ಹಿಡಿದು, ಅವನತ್ತ ಮುಖಮಾಡಿಯೇ ಹಿಂದಕ್ಕೆ ಜಾರುತ್ತ, ಒಂದೂವರೆ ಸ್ಟಿಕ್ಕಿನಷ್ಟು ಅಂತರವನ್ನು ಕಾಯ್ದುಕೊಂಡು, ಗೋಲಿಗೂ ಅವನಿಗೂ ನಡುವೆ ಇರುವುದನ್ನು ಬಿಡಬೇಡ. ನಡುದಾರಿ ಮುಚ್ಚಿದ್ದರೆ ಅವನು ತಾನಾಗಿಯೇ ಬದಿಯ ಹಲಗೆಯತ್ತ ಸರಿಯುತ್ತಾನೆ, ಅಲ್ಲಿ ಅವನಿಗೆ ತಿರುಗಲು ಜಾಗವಿರುವುದಿಲ್ಲ. ಆಗ ಸ್ಟಿಕ್ಕಿನಿಂದ ಒಂದೇ ಒಂದು ಪೋಕ್ (ತಿವಿತ), ಇಲ್ಲವೆ ಭುಜದ ಗುದ್ದು. ಧಾರವಾಡದ ಕಾಲೇಜು ಹಾಕಿ ತಂಡದಲ್ಲಿ ನಾನು ಫುಲ್ ಬ್ಯಾಕ್ ಆಡುತ್ತಿದ್ದಾಗ ಹಾಗೆ ಗುದ್ದಿದ್ದರೆ ಅಂಪೈರ್ ಸೀಟಿ ಊದುತ್ತಿದ್ದರು. ಇಲ್ಲಿ ಅದು ನ್ಯಾಯವಾದ ಆಟವೆಂಬುದಕ್ಕೆ ಒಗ್ಗಿಕೊಳ್ಳಲು ನನಗೆ ಒಂದು ವಾರವೇ ಹಿಡಿಯಿತು. ಡೆಟ್ರಾಯಿಟ್ ತಂಡಕ್ಕೆ 20 ಋತುಗಳ ಕಾಲ ಆಡಿದ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರೋಮ್, ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಯನ್ನು 7 ಬಾರಿ ಗೆದ್ದದ್ದು ಮಾತ್ರ ಗುದ್ದಿನ ಬಲದಿಂದಲ್ಲ, ಸರಿಯಾದ ಜಾಗದಲ್ಲಿ ನಿಲ್ಲುವ ಜಾಣ್ಮೆಯಿಂದ.

ನಮ್ಮವರು ದಾಳಿ ಮಾಡುವಾಗ ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯ ಮೇಲೆ ನಿಲ್ಲು. ಪಕ್ ಆ ಗೆರೆ ದಾಟಿ ಹೊರಬಿದ್ದರೆ ನಮ್ಮವರೆಲ್ಲರೂ ಹೊರಗೆ ಬಂದೇ ಮತ್ತೆ ಒಳನುಗ್ಗಬೇಕು, ಇಲ್ಲವಾದರೆ ಆಫ್‌ಸೈಡ್. ನಮ್ಮ ಮೈದಾನದ ಹಾಕಿ ಆಫ್‌ಸೈಡನ್ನು 1990ರ ದಶಕದಲ್ಲಿಯೇ ಕೈಬಿಟ್ಟಿತು. ಅದರ ಬಲೆ ಒಡ್ಡಿ ಫಾರ್ವರ್ಡ್‌ಗಳನ್ನು ಕೆಡವುತ್ತಿದ್ದ ನನ್ನಂಥವರಿಗೆ ಈ ಆಟದಲ್ಲಿ ಹಳೆಯ ನೆಂಟನೊಬ್ಬ ಸಿಕ್ಕಂತಾಗಿದೆ. ಪಕ್‌ನ ಆಸೆಗೆ ಗೆರೆ ಬಿಟ್ಟು ಮುನ್ನುಗ್ಗುವ ಮೊದಲು, ನಿನ್ನ ಜಾಗಕ್ಕೆ ಫಾರ್ವರ್ಡ್ ಒಬ್ಬ ಹಿಂದೆ ಬಂದಿದ್ದಾನೆಯೇ ಎಂದು ನೋಡು. ನಿನ್ನೆ ನಾನು ನೋಡಲಿಲ್ಲ. ಎರಡು ಗೋಲು ತಿಂದೆವು. ನೋಡುತ್ತ ಕುಳಿತಿದ್ದ ನಿನ್ನ ಅವ್ವ ಏನೂ ಹೇಳದೆ ದೀಪ ಆರಿಸಿದಳು.

ಗಣಪತಿ ಹಬ್ಬಕ್ಕೆ ಬರುವಾಗ ಎರಡನೆಯ ಕಂಟ್ರೋಲರನ್ನು ಮರೆಯದೆ ತಾ. ಎಲ್ಲವನ್ನೂ ಇಲ್ಲಿ ಬಿಟ್ಟವಳು ಅದೊಂದನ್ನು ಮಾತ್ರ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದೀ.

ಇಂತು,
ನಿನ್ನ ಅಪ್ಪ