ಆ ಜುಂ ಅನ್ನುವ ವಿಷಯ

ಪ್ರೀತಿಯ ಪುಟ್ಟಾ,

ನಿನ್ನ ಪತ್ರ ಬಂತು. ಮೂರು ಪುಟದಲ್ಲಿ ಎರಡೂವರೆ ಪುಟ ನಿನ್ನ ಇಲೆಕ್ಟ್ರಿಕ್ ಗಿಟಾರಿನ ಪಿಕಪ್ಪಿನ ವಿಷಯವೇ. ಆಲ್ನಿಕೋ 2 ಅಯಸ್ಕಾಂತದ್ದು ಹಾಕಿಸಲೋ, 5ರದ್ದು ಹಾಕಿಸಲೋ ಅಂತ. ಹೇಳುತ್ತೇನೆ ಮಾರಾಯ. ಆದರೆ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೀಯಲ್ಲ, ಗಿಟಾರ್ ಹಿಡಿದು ಹಾಡುವಾಗ ಮೈಕ್ ತಾಗಿದರೆ ತುಟಿ ಜುಂ ಅನ್ನುತ್ತದೆ, ಪಿಕಪ್ ಸಿಂಗಲ್ ಕಾಯಿಲ್, ಒಂದೇ ಸುರುಳಿಯದ್ದು ಅಲ್ವಾ, ಅದಕ್ಕೇ ಇರಬೇಕು ಅಂತ. ಅದನ್ನು ಓದಿ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದು ಪಿಕಪ್ಪಿನ ದೋಷ ಅಲ್ಲ. ಪಿಕಪ್ ಅಂದರೆ ಎಂತ, ಆರು ಅಯಸ್ಕಾಂತದ ಕಡ್ಡಿ, ಅದರ ಸುತ್ತ ಕೂದಲಿನಷ್ಟು ಸಪೂರದ ತಾಮ್ರದ ತಂತಿ 7-8 ಸಾವಿರ ಸುತ್ತು. ಗಿಟಾರ್ ತಂತಿಯ ಅದುರನ್ನು ಹಿಡಿದು ಆಂಪಿಗೆ, ಅಂದರೆ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೆ, ಕಳಿಸುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದನ್ನೂ ಅದು ಹಿಡಿಯುತ್ತದೆ, ನಿಜ. ಶಾಕ್ ಹೊಡೆಯುವ ತ್ರಾಣ ಅದಕ್ಕೆಲ್ಲಿ? ಗಿಟಾರಿನ ತಂತಿ, ಬ್ರಿಜ್, ಕೇಬಲ್, ಆಂಪಿನ ತಗಡಿನ ಬಾಡಿ, ಎಲ್ಲ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಆಂಪಿನಲ್ಲಿ ಸೋರಿದ ಕರೆಂಟು ನಿನ್ನ ಕೈಗೆ ಬಂದು ತುಟಿಯಿಂದ ಮೈಕಿಗೆ ಹೋಗುತ್ತದೆ. ನೀನಿರುವುದು ಮಂಗಳೂರಿನ ಬಿಜೈಯ ಆ ಹಳೇ ಹಂಚಿನ ಮನೆ, ಮೇಲಿಂದ ಈ ಮಳೆ.

ನಾನು ಆರ್ಕೆಸ್ಟ್ರಾ ಬಿಟ್ಟದ್ದು ಮದುವೆಯಾಯ್ತು ಅಂತ ನಿಮ್ಮಮ್ಮ ಹೇಳಿರಬಹುದು. ಅಷ್ಟೇ ಅಲ್ಲ. ಒಂದು ಚೌತಿಗೆ ಮಲ್ಪೆ ಕಡೆ ಕಾರ್ಯಕ್ರಮ. ಸ್ಟೇಜಿನ ಬೋರ್ಡಿಗೆ ಎರಡೇ ತೂತು. ನಾನು ಆಂಪಿನ ಪ್ಲಗ್ಗಿನ ಅರ್ಥಿಂಗಿನ ದಪ್ಪ ಪಿನ್ನನ್ನು ತಿರುಪಿ ತೆಗೆದು ಕಿಸೆಗೆ ಹಾಕಿಕೊಂಡು, ಉಳಿದೆರಡನ್ನು ತುರುಕಿದೆ. ನನ್ನ ಗಿಟಾರ್ ತೆಗೆದುಕೊಂಡು ಗೆಳೆಯನೊಬ್ಬ ಹಾಡಲು ಹೋದ. ಒಂದು ಸಾಲೂ ಮುಗಿದಿರಲಿಲ್ಲ. ಎಡಗೈ ತಂತಿಯ ಮೇಲೆ ಬಿಗಿದೇ ಹೋಯಿತು, ಬಿಡಲಿಕ್ಕೇ ಆಗಲಿಲ್ಲ. ನಾನು ಓಡಿ ವಯರು ಎಳೆದೆ. ಬದುಕಿದ. ತುಟಿಯಲ್ಲಿ ಕಪ್ಪು ಗುಳ್ಳೆ ಎದ್ದಿತ್ತು. ಎಲ್ಲರೂ ಮಳೆಗೆ ಬೈದರು, ನಾನೂ ಬೈದೆ. ಪಿನ್ನು ನನ್ನ ಕಿಸೆಯಲ್ಲೇ ಇತ್ತು. ಅವನಿಗೆ ಇವತ್ತಿಗೂ ಗೊತ್ತಿಲ್ಲ.

1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಸ್ಟೇಜಿನಲ್ಲೇ ಮೈಕ್ ಮುಟ್ಟಿ ತೀರಿಕೊಂಡ. ಹೆದರಿಸಲಿಕ್ಕೆ ಬರೆದದ್ದಲ್ಲ. ಅಲ್ಲ, ಹೆದರಿಸಲಿಕ್ಕೇ ಬರೆದದ್ದು.

ಪಿಕಪ್ ವಿಷಯ, ನನ್ನದು ಹಳೇ ಕಿವಿ, ಅಷ್ಟು ನಂಬಬೇಡ. 2 ಸ್ವಲ್ಪ ಮೆತ್ತಗೆ, 5 ಚುರುಕು. ನಿನ್ನ ಕೈ ಮೊದಲೇ ಜೋರು, ನನಗಾದರೆ 2 ಸಾಕು. ಮೂರು ಪಿಕಪ್ಪಿನಲ್ಲಿ ನಡುವಿನದ್ದು ಮಾತ್ರ ಉಲ್ಟಾ ಸುತ್ತಿನದ್ದು, ಉಲ್ಟಾ ಅಯಸ್ಕಾಂತದ್ದು ಕೇಳಿ ತೆಗೆದುಕೋ. ಆಗ ಪಿಕಪ್ ಆರಿಸುವ ಸ್ವಿಚ್ಚಿನ 2 ಮತ್ತು 4ನೇ ಸ್ಥಾನದಲ್ಲಿ, ಎರಡು ಪಿಕಪ್ ಒಟ್ಟಿಗೆ ಕೆಲಸ ಮಾಡುವಾಗ, ಗುಂಯ್ ಸದ್ದು ಹೆಚ್ಚುಕಡಿಮೆ ಹೋಗುತ್ತದೆ. ವಾಲ್ಯೂಮ್, ಟೋನ್ ತಿರುಗಿಸುವ ಗುಬ್ಬಿಯ ಪಾಟ್ 250ಕೆ ಓಮ್ ಇರಲಿ. ದುಡ್ಡು ಹಾಕುವ ಮೊದಲು ಈಗಿನದ್ದನ್ನೇ ಸ್ಕ್ರೂ ತಿರುಗಿಸಿ ಸ್ವಲ್ಪ ಇಳಿಸಿ ನೋಡು. ತಂತಿಗೆ ತೀರಾ ಹತ್ತಿರ ಇದ್ದರೆ ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ. ಗಿಟಾರ್ ಹಿಡಿದು ನೀನು ಆಚೆ ಈಚೆ ತಿರುಗಿದಾಗ ಗುಂಯ್ ಹೆಚ್ಚುಕಡಿಮೆ ಆಗುವುದು ಸಿಂಗಲ್ ಕಾಯಿಲಿನ ಹುಟ್ಟುಗುಣ, ಅದಕ್ಕೆ ಬೇಜಾರು ಮಾಡಬೇಡ. ಆದರೆ ಈ ಪರೀಕ್ಷೆ ಎಲ್ಲ ಈಗ ಬೇಡ. ಆಂಪ್ ಹಾಕಲೇ ಬೇಡ.

ಓನರ್ ಹತ್ತಿರ ಅರ್ಥಿಂಗ್ ಗುಂಡಿ ಎಲ್ಲುಂಟು ಅಂತ ಕೇಳು. ಇಲೆಕ್ಟ್ರೀಶಿಯನ್ನನ್ನು ಕರೆಸಿ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸು, ದುಡ್ಡು ನಾನು ಕೊಡುತ್ತೇನೆ. ಪಿಕಪ್ಪಿಗೆ ಕೂಡಿಟ್ಟದ್ದನ್ನು ಮುಟ್ಟಬೇಡ.

ಶನಿವಾರ ಬೆಳಿಗ್ಗೆ ಉಡುಪಿಯಿಂದ ಹೊರಡುತ್ತೇನೆ, ಟೆಸ್ಟರ್ ತರುತ್ತೇನೆ. ಅಷ್ಟರಲ್ಲಿ ನಿನ್ನ ಆಂಪಿನ ಪ್ಲಗ್ಗಿಗೆ ಎಷ್ಟು ಪಿನ್ನು ಅಂತ ಎಣಿಸಿ ಫೋನ್ ಮಾಡು.

ನಿನ್ನ ಮಾವ